ಸಾಕವ್ವನ ತಂಪಿನ ಎಡೆ

ಕಾಯುವ ತಾಯಿಗೆ ಮೊದಲು ಕೈ ಮುಗಿದೆ, ಕೇಳಲು ಕೂತ ನಿಮಗೆ ಆಮೇಲೆ.

ಒಂದಾನೊಂದು ಊರಲ್ಲಿ ಸಾಕವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಹೋಗಿದ್ದ, ಚಿಕ್ಕತಾಯಿ ಅನ್ನೋ ಮಗಳೇ ಅವಳ ಜೀವ. ಊರಿಗೆ ದೊಡ್ಡ ಬೇನೆ ಬಂತು. ಸಾಕವ್ವ ಮಗಳನ್ನು ತವರಿಗೆ ಕಳಿಸಿ ಬಾಗಿಲು ಹಾಕಿಕೊಂಡಳಂತೆ.

ದೇವರು ದೊಡ್ಡವನು, ಬೇನೆ ಬಂದ ಹಾಗೇ ಹೋಯಿತು. ಸಾಕವ್ವನ ಎದೆಗೆ ಹೊಕ್ಕ ಹೆದರಿಕೆ ಮಾತ್ರ ಹೋಗಲಿಲ್ಲ. ಕೆಮ್ಮಿದರೆ ಬೇನೆ, ಬೆವೆತರೆ ಬೇನೆ, ಕಾಗೆ ಕೂಗಿದರೂ ಬೇನೆ. ಉಂಡದ್ದು ಮೈಗೆ ಹತ್ತದು, ಕಣ್ಣಿಗೆ ನಿದ್ದೆ ಹತ್ತದು.

ಆ ಊರಿನ ಪದ್ಧತಿ ಏನಪ್ಪಾ ಅಂದರೆ, ಬೇನೆ ಇಳಿದ ಮೇಲೆ ಪ್ರತಿ ಮನೆಯವರೂ ತಾವೇ ಹೆಪ್ಪು ಹಾಕಿದ ಮೊಸರಲ್ಲಿ ಅನ್ನ ಕಲಸಿ ಊರಮ್ಮನಿಗೆ ತಂಪಿನ ಎಡೆ ಇಡಬೇಕು. ಆಮೇಲೇ ಹೊರಗೆ ಹೋದ ಮಕ್ಕಳು ಮನೆ ಸೇರಬೇಕು. ಎಲ್ಲರ ಎಡೆಯೂ ಆಯಿತು. ಸಾಕವ್ವ ಹೆಪ್ಪು ಹಾಕಿದ ಹಾಲು ಮಾತ್ರ ಒಡೆಯಿತು. ಮಾರನೆ ದಿನವೂ ಒಡೆಯಿತು. ಅದರ ಮಾರನೆ ದಿನವೂ ಒಡೆಯಿತು.

"ಅಮ್ಮ ನನ್ನ ಎಡೆ ಒಲ್ಲೆ ಅಂತಾಳೆ. ಬೇನೆ ನನ್ನೊಳಗೇ ಕೂತಿದೆ. ಇನ್ನು ಮಗಳ ಮುಖ ನೋಡೋ ಹಾಗಿಲ್ಲ" ಅಂತ ಅನ್ನ ಬಿಟ್ಟು ಮಲಗಿಬಿಟ್ಟಳಂತೆ.

ಪಕ್ಕದ ಮನೆಯ ಈರಕ್ಕ ಗಿಡ್ಡ ಗೋಡೆಯಾಚೆಯಿಂದ ಕೂಗಿದಳು: "ಏ ಸಾಕಿ, ಬದುಕಿದ್ದೀಯೇನೇ?"

"ಅಕ್ಕಾ, ನಮ್ಮನೇಲಿ ಹಾಲು ಹೆಪ್ಪಾಗ್ತಿಲ್ಲ."

"ಹೆಪ್ಪು ಯಾವಾಗ ಹಾಕ್ದೆ?"

"ಹಾಲು ಕೊತಕೊತ ಕುದಿಯೋವಾಗ. ಹೆಪ್ಪಿನಲ್ಲಿ ಬೇನೆಯಿದ್ರೆ ಬೆಂದುಹೋಗ್ಲಿ ಅಂತ."

ಈರಕ್ಕ ಗೊಳ್ಳನೆ ನಕ್ಕಳು. "ಅಯ್ಯೋ ನಿನ್ನ! ಹೆಪ್ಪನ್ನೇ ಬೇಯಿಸಿಟ್ಟು ಅಮ್ಮನ ಮೇಲೆ ದೂರು ಹಾಕ್ತೀಯಲ್ಲೇ! ಹಾಲು ಆರಿಸಿ, ಬೆರಳಿಟ್ಟು ನೋಡು. ಕೂಸಿಗೆ ಕುಡಿಸೋ ಹಂಗಿರಬೇಕು."

"ಬೆರಳಾ? ನನ್ನ ಬೆರಳಲ್ಲೇ ಬೇನೆಯಿದ್ರೆ?"

ಈರಕ್ಕನ ನಗು ನಿಂತಿತು. "ಆ ಬೆರಳಲ್ಲೇ ಅಲ್ವೇನೇ ಚಿಕ್ಕತಾಯಿಗೆ ಜೇನು ನೆಕ್ಕಿಸಿದ್ದು? ಕೈ ತೊಳ್ಕೊ, ಅಮ್ಮನ್ನ ನೆನಕೋ, ಅದ್ದು. ನಾನು ಇಲ್ಲೇ ನಿಂತಿರ್ತೀನಿ."

ಸಾಕವ್ವ ಎದ್ದು ಹಾಲು ಕಾಯಿಸಿ ಆರಿಸಿದಳು, ಕೈ ತೊಳೆದು ಅಮ್ಮನನ್ನು ನೆನೆದು ಬೆರಳದ್ದಿದಳು. ಹಿತವಾಗಿತ್ತು. ಗೋಡೆಯ ಮೇಲಿಂದ ಈರಕ್ಕ ಕೊಟ್ಟ ಹೆಪ್ಪು ಹಾಕಿ ಗಡಿಗೆ ಮುಚ್ಚಿದಳು.

ಬೆಳಗೆದ್ದು ನೋಡಿದರೆ, ಗಡಿಗೆ ವಾಲಿಸಿದರೂ ಅಲುಗದ ಮೊಸರು! ಸಾಕವ್ವ ಅದರ ಮುಂದೆ ಕೂತು ಅತ್ತೇ ಅತ್ತಳಂತೆ. "ತಾಯೀ, ನೀನು ಒಲ್ಲೆ ಅಂದೇ ಇರಲಿಲ್ಲ. ಹೆದರಿಕೆ ಅಂದದ್ದನ್ನು ನೀನು ಅಂದೆ ಅಂತ ತಿಳಿದೆನಲ್ಲ!"

ಎಡೆ ಇಟ್ಟಳು, ತವರಿಗೆ ಹೇಳಿ ಕಳಿಸಿದಳು. ಚಿಕ್ಕತಾಯಿ ಓಡೋಡಿ ಬಂದು, "ಯಾಕವ್ವಾ, ಇಷ್ಟು ಸೊರಗಿದ್ದೀ?" ಅಂದಳು.

"ಬಾ, ಮೊದಲು ಉಣ್ಣೋಣ" ಅಂದಳು ತಾಯಿ.

ಉಂಡವರು ತಣ್ಣಗಾದರು. ಬೇನೆ ಬಿಟ್ಟ ಮನೆಯನ್ನು ಹೆದರಿಕೆಯೂ ಬಿಡಲಿ, ಕೂಗಿದರೆ ಓಗೊಡುವ ನೆರೆ ಎಲ್ಲರಿಗೂ ಸಿಗಲಿ, ಕಥೆ ಕೇಳಿದ ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.