ಬೀಗರು ನೋಡಿದ ಟೈರು
ಇಟ್ಟಿಗೆ ಭಟ್ಟಿಯ ಹಳೇ ಲಾರಿಯ ಆರೂ ಟೈರು ಸವೆದು ಹೋಗಿದ್ದವು. ಡ್ರೈವರ್ ಮೌಲಾಲಿ ದಿನಾ ಜೀವ ಕೈಯಲ್ಲಿ ಹಿಡಿದು ಅದನ್ನು ಗುಡ್ಡ ಇಳಿಸುತ್ತಿದ್ದ. ಹೊಸ ಟೈರು ಕೇಳಿದರೆ ಮಾಲೀಕ ಗದಿಗೆಪ್ಪ ಸಾಹುಕಾರರು ಮೀಸೆ ತಿರುವಿದರು.

"ಟೈರ್ ಗಟ್ಟಿ ಅದಾವ. ಹೊಡ್ಯಾಕ ನಿನಗ ಬರೂದಿಲ್ಲ. ಇನ್ನೊಮ್ಮೆ ಕೇಳಿದ್ರ ಬ್ಯಾರೆ ಡ್ರೈವರ್ ನೋಡ್ತೀನಿ."

ಮೌಲಾಲಿ ಆಯುಧಪೂಜೆಯ ದಿನ ಲಾರಿ ತೊಳೆದು, ಹೂವಿನ ಹಾರ ಹಾಕಿ, ಮಣ್ಣು ಕಲಸುವ ಜಾಗದ ಹಸಿ ನೆಲದ ಮೇಲೆ ತಂದು ನಿಲ್ಲಿಸಿದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಸಾಹುಕಾರರ ಹೊಸ ಬೀಗರು ಲಾರಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಸಾವ್ಕಾರ್ರ, ಈ ಸಲ ಹಣ್ಣಿನ ಮ್ಯಾಲೆ ನೀವ ಗಾಡಿ ಹಾಯಸ್ರಿ," ಎಂದ ಮೌಲಾಲಿ. "ಬೀಗರೂ ನೋಡ್ಲಿ."

ಸಾಹುಕಾರರು ಹಿಗ್ಗಿ ಹತ್ತಿ ಕೂತರು. ಎಂಜಿನ್ ಗುಡುಗಿತು. ಗಾಲಿ ನಿಂತಲ್ಲೇ ಗರಗರ ತಿರುಗಿತು. ಹಿಂದಿನ ಗಾಲಿಯ ನಿಂಬೆಹಣ್ಣು ಕೆಸರಿನ ಸಮೇತ ಸಿಡಿದು ಬೀಗರ ರುಮಾಲಿಗೆ ಬಡಿಯಿತು.

ಬೀಗರು ಮುಖ ಒರೆಸಿಕೊಂಡರು. ಬಿದ್ದ ಹಣ್ಣನ್ನೂ ನಿಂತ ಟೈರನ್ನೂ ಸವರಿ ನೋಡಿದರು. "ಬೀಗರ, ಎರಡರಾಗ ಟೈರ ನುಣ್ಣಗೈತಿ ನೋಡ್ರಿ."

ಸಾಹುಕಾರರು ಕೆಂಪಾಗಿ ಕೆಳಗಿಳಿದರು. "ಮೌಲಾಲಿ, ನಾಳೆ ಆರೂ ಹೊಸಾವು ಹಾಕಸು," ಎಂದು ಬೀಗರಿಗೆ ಕೇಳಿಸುವಂತೆ ಅಂದರು.

"ಅಷ್ಟ್ಯಾಕ್ರಿ? ಮುಂದಿನ ಎರಡು ಹೊಸಾವು ಸಾಕು. ಹಿಂದಿನ ನಾಕಕ್ಕ ಮ್ಯಾಲಿನ ರಬ್ಬರ್ ಅಷ್ಟ ಹೊಸಾದು ಕೂಡಿಸಿ ರಿಸೋಲ್ ಮಾಡಸೂಣು. ಉಳಿದ ರೊಕ್ಕದಾಗ ಬೀಗರಿಗೊಂದು ರುಮಾಲು ಬರ್ತೈತ್ರಿ."