ಎಲೀಷಪ್ಪ ತೆರೆದ ಆವಿಗೆ

ಒಂದು ರಾಜ್ಯವಿತ್ತು. ರಾಜ್ಯಕ್ಕೊಬ್ಬ ಅರಸ, ಅರಸನಿಗೊಂದು ಅರಮನೆ, ಅರಮನೆಯಿಂದ ಹರದಾರಿ ದೂರದಲ್ಲಿ ಕುಂಬಾರರ ಕೇರಿ. ಕೇರಿಯ ನಡುವೆ ಯೇಸುಸ್ವಾಮಿಯ ಪುಟ್ಟ ದೇವಾಲಯ. ಆ ಕೇರಿಯಲ್ಲಿ ಎಲೀಷಪ್ಪನೆಂಬ ಕುಂಬಾರನಿದ್ದ. ಅವನಿಗೆ ದೊಡ್ಡ ಮನೆಯಿತ್ತು, ಗಡಿಗೆ ಸುಡುವ ದೊಡ್ಡ ಆವಿಗೆಯಿತ್ತು, ದೊಡ್ಡ ಹೆಸರಿತ್ತು. ಒಂದೇ ಒಂದು ಕಷ್ಟ: ಪಕ್ಕದ ಮನೆಯಲ್ಲಿ ಸುವಾರ್ತಮ್ಮ ಇದ್ದಳು.

ಸುವಾರ್ತಮ್ಮ ವಿಧವೆ. ಅವಳ ಆವಿಗೆ ಚಿಕ್ಕದು. ಆದರೆ ಅದರಲ್ಲಿ ಸುಟ್ಟ ಗಡಿಗೆ ಸೀಳುತ್ತಿರಲಿಲ್ಲ. ಎಲೀಷಪ್ಪನವು ಸೀಳುತ್ತಿದ್ದವು. ಮಣ್ಣು ಅದೇ ಕೆರೆಯದು, ಸೌದೆ ಅದೇ ಕಾಡಿನದು. ಇದು ಅನ್ಯಾಯವಲ್ಲದೆ ಮತ್ತೇನು ಎಂದು ಎಲೀಷಪ್ಪ ದಿನಕ್ಕೆ ಮೂರು ಹೊತ್ತು, ಊಟದ ಜೊತೆಯಲ್ಲೇ, ಯೋಚಿಸುತ್ತಿದ್ದ. ಆವಿಗೆಯ ಬೆಂಕಿ ಎರಡು ದಿನಕ್ಕೆ ಆರುತ್ತಿತ್ತು. ಅವನ ಹೊಟ್ಟೆಯದು ಆರುತ್ತಿರಲಿಲ್ಲ.

ಆ ಕೇರಿಯಲ್ಲೊಂದು ಪದ್ಧತಿ. ಆವಿಗೆ ಬಿಚ್ಚಿದಾಗ ಮೊದಲ ಗಡಿಗೆ ದೇವರ ಮನೆಗೆ. ಅದರಲ್ಲಿ ನೀರು ತುಂಬಿ ದೇವಾಲಯದ ಜಗಲಿಯಲ್ಲಿಟ್ಟರೆ ದಾರಿಹೋಕರು ಕುಡಿಯುತ್ತಿದ್ದರು. ಸುವಾರ್ತಮ್ಮ ಗಡಿಗೆಗಳನ್ನು ಬೆರಳಿನಿಂದ ತಟ್ಟಿ, ಗಂಟೆಯಂತೆ ನುಡಿದದ್ದನ್ನು ಆರಿಸಿ ಒಯ್ಯುತ್ತಿದ್ದಳು. ಎಲೀಷಪ್ಪನೂ ತಟ್ಟಿ ನೋಡುತ್ತಿದ್ದ. ನುಡಿಯದಿದ್ದದ್ದನ್ನು ಆರಿಸುತ್ತಿದ್ದ.

“ಅಲ್ಲಾರೀ, ನಾವು ಒಲ್ಲದ ಸೀಳು ಗಡಿಗೆ ದೇವರಿಗಾ?” ಎಂದು ಹೆಂಡತಿ ರೂತಮ್ಮ ಕೇಳಿದಳು.

“ದೇವರಿಗೆ ಬಾಯಾರಿಕೆ ಆಗಲ್ಲ ಕಣೇ.”

ಆದರೂ ಕೊಟ್ಟವರು ಯಾರೆಂದು ಜನಕ್ಕೆ ತಿಳಿಯಬೇಡವೇ? ಅದಕ್ಕೇ ತಾನು ಮಾಡಿದ ಪ್ರತಿ ಗಡಿಗೆಗೂ ‘ಎಲೀಷಪ್ಪ’ ಎಂದು ಎರಡು ಬೆರಳಗಲದ ಮುದ್ರೆ ಒತ್ತುತ್ತಿದ್ದ. ಸುವಾರ್ತಮ್ಮ ಉಗುರಿನಲ್ಲಿ ಒಂದು ಪುಟ್ಟ ಶಿಲುಬೆ ಗೀಚುತ್ತಿದ್ದಳು, ಅಷ್ಟೆ.

ಹೀಗಿರಲು ಅರಮನೆಯಿಂದ ಡಂಗುರ ಬಂತು. ಸುಗ್ಗಿ ಹಬ್ಬಕ್ಕೆ ನೂರು ಗಡಿಗೆ ಬೇಕು. ಒಂದೂ ಸೀಳಿರದ ನೂರನ್ನು ಯಾರು ಕೊಡುತ್ತಾರೋ ಅವರೇ ಇನ್ನು ಮುಂದೆ ಅರಮನೆಯ ಕುಂಬಾರರು. ಹಬ್ಬದೊಳಗೆ ಮೂರು ಸಲ ಆವಿಗೆ ಹೊತ್ತಿಸಲು ಸಮಯವಿತ್ತು.

ಅದೇ ವಾರ ಬಿರುಗಾಳಿ ಬೀಸಿ ದೇವಾಲಯದ ಹೆಂಚು ಹಾರಿಹೋಯಿತು. ಸುವಾರ್ತಮ್ಮ ಗಡಿಗೆಯ ಮಣ್ಣನ್ನು ಬದಿಗಿಟ್ಟು ಹೆಂಚು ಮಾಡಲು ಕೂತಳು.

“ಮೊದಲು ಅರಸರ ಕೆಲಸ ನೋಡಬಾರದೇನಮ್ಮ?” ಎಂದ ಎಲೀಷಪ್ಪ, ಎಲ್ಲಿ ನೋಡಿಬಿಡುತ್ತಾಳೋ ಎಂಬ ಭಯದಲ್ಲಿ.

“ದೇವರ ಮನೆ ಸೋರ್ತಿರುವಾಗ ಗಡಿಗೆ ಮೇಲೆ ಮನಸ್ಸು ನಿಲ್ಲಲ್ಲ ಎಲೀಷಣ್ಣ.”

ಅವಳ ಮೊದಲ ಆವಿಗೆ ಹೆಂಚಿಗೆ ಹೋಯಿತು. ಎರಡನೆಯದೂ ಹೆಂಚಿಗೆ ಹೋಯಿತು. ಎಲೀಷಪ್ಪನಿಗೆ ಅಷ್ಟು ಭಕ್ತಿ ಎಂದೂ ಉಕ್ಕಿರಲಿಲ್ಲ. ಅವಳು ಮೊದಲ ಆವಿಗೆ ಹೊತ್ತಿಸಿದಾಗಲೇ ಬೇಲಿಯಾಚೆ ನಿಂತು ಅವಳ ಪ್ರಾರ್ಥನೆಯನ್ನೂ ಕದ್ದು ಕೇಳಿದ್ದ.

“ತಂದೆಯೇ, ಮಣ್ಣೂ ನಿನ್ನದು, ಬೆಂಕಿಯೂ ನಿನ್ನದು. ನನ್ನ ಕೈಲಾದದ್ದು ಮಾಡಿದ್ದೀನಿ. ಮಿಕ್ಕಿದ್ದು ನೀನು ನೋಡಿಕೋ. ಆಮೆನ್.”

ಅಷ್ಟೇ. ಆಮೇಲೆ ಎರಡು ದಿನ ಅವಳು ಆವಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಗುಟ್ಟು ಇಷ್ಟೇನಾ ಎಂದು ಎಲೀಷಪ್ಪ ತಾನೂ ಪ್ರಾರ್ಥಿಸಿದ. ಆದಾಮನಿಂದ ಶುರುಮಾಡಿದವನು ನೋಹನ ನಾವೆಗೆ ಬರುವಷ್ಟರಲ್ಲಿ ಬೆಂಕಿ ಚೆನ್ನಾಗಿ ಹಿಡಿದಿತ್ತು. ಆಮೆನ್ ಎಂದ ಅರ್ಧ ಗಳಿಗೆಗೇ ಅನುಮಾನ ಹುಟ್ಟಿತು: ದೇವರು ಕೆಲಸ ಶುರುಮಾಡಿದ್ದಾನೋ ಇಲ್ಲವೋ? ಮೇಲಿನ ಹುಲ್ಲು-ಮಣ್ಣಿನ ಮುಚ್ಚಳ ಸರಿಸಿ ಇಣುಕಿದ. ತಣ್ಣನೆ ಗಾಳಿ ಒಳಗೆ ನುಗ್ಗಿತು. ಒಳಗೆ ‘ಟಪ್’ ಎಂದಿತು. ಎರಡನೆಯ ಆವಿಗೆಗೆ ಪ್ರಾರ್ಥನೆ ಇನ್ನೂ ಉದ್ದವಾಯಿತು, ಇಣುಕುವುದೂ ಮೂರು ಸಲವಾಯಿತು. ಎರಡೂ ಸೇರಿ ಉಳಿದದ್ದು ಅರವತ್ತು ಗಡಿಗೆ. ಇನ್ನೂ ನಲವತ್ತು ಬೇಕು. ಉಳಿದದ್ದು ಒಂದೇ ಆವಿಗೆ.

ಆವಿಗೆ ತುಂಬುವ ದಿನ ಅವನು ಕೆಲಸವನ್ನು ರೂತಮ್ಮನಿಗೆ ವಹಿಸಿ, ಗಡಿಗೆ ನೋಡಿ ಆರಿಸಲು ಬರುವ ಪಾರುಪತ್ಯಗಾರರಿಗೆ ಒಂದು ಬಾಳೆಗೊನೆ ಕೊಟ್ಟುಬರಲು ಅರಮನೆಗೆ ಹೋದ. ಬರುವಷ್ಟರಲ್ಲಿ ಎರಡೂ ಮನೆಯ ಆವಿಗೆಗಳಿಗೆ ಬೆಂಕಿ ಬಿದ್ದು, ಮುಚ್ಚಳ ಮೆತ್ತಿದ್ದೂ ಆಗಿತ್ತು.

ಮರುದಿನ ಭಾನುವಾರ. ಹೊರಗೆ ಚಳಿಗಾಳಿ, ಜಡಿಮಳೆ. ದೇವಾಲಯದೊಳಗೆ ಒಂದು ಹನಿಯೂ ಬೀಳಲಿಲ್ಲ. ಎಲೀಷಪ್ಪ ತಲೆಯೆತ್ತಿ ನೋಡಿದ. ಒಂದೊಂದು ಹೆಂಚೂ ತನ್ನನ್ನು ನೋಡಿ ನಕ್ಕಂತಾಯಿತು. ಮುಂದೆ ಸುವಾರ್ತಮ್ಮ ಕಣ್ಣು ಮುಚ್ಚಿ ನಿಶ್ಚಿಂತೆಯಿಂದ ಕೂತಿದ್ದಳು. ಆ ನಿಶ್ಚಿಂತೆಯನ್ನು ಅವನಿಗೆ ತಡೆಯಲಾಗಲಿಲ್ಲ. ಅಯ್ಯನವರ ಉಪದೇಶದ ನಡುವೆ, ಹೊಟ್ಟೆನೋವು ಬಂದವನಂತೆ ಹೊಟ್ಟೆ ಹಿಡಿದುಕೊಂಡು ಎದ್ದ.

ತನ್ನ ಆವಿಗೆಯ ಕಡೆ ಅವತ್ತು ನೋಡಲೂ ಇಲ್ಲ. ನೇರವಾಗಿ ಅವಳ ಚಿಕ್ಕ ಆವಿಗೆಗೆ ಹೋಗಿ ಮುಚ್ಚಳವನ್ನು ಪೂರ್ತಿ ಸರಿಸಿದ. ಟಪ್. ಟಪ್. ಟಪ್. ಯಾವ ಕೀರ್ತನೆಯೂ ಅವನ ಕಿವಿಗೆ ಅಷ್ಟು ಇಂಪಾಗಿ ಕೇಳಿದ್ದಿಲ್ಲ. ಮುಚ್ಚಳವನ್ನು ಮೊದಲಿನಂತೆ ಮೆತ್ತಿ, ಕೊನೆಯ ಆಶೀರ್ವಾದಕ್ಕೆ ಸರಿಯಾಗಿ ಬಂದು ನಿಂತ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.

ಮಂಗಳವಾರ ಪಾರುಪತ್ಯಗಾರರು ಬಂದರು. ದೇವಾಲಯದ ಅಯ್ಯನವರೂ ಬಂದರು, ಕೇರಿಯೆಲ್ಲ ಸೇರಿತು.

“ಅವಳದ್ದನ್ನ ಮೊದಲು ಬಿಚ್ಚಿ ಸ್ವಾಮೀ, ಪಾಪ, ಒಂಟಿ ಹೆಂಗಸು” ಎಂದ ಎಲೀಷಪ್ಪ.

ಚಿಕ್ಕ ಆವಿಗೆ ಬಿಚ್ಚಿದರು. ಬರೀ ಒಡೆದ ಬೋಕಿ ಚೂರು. ಎಲೀಷಪ್ಪ ಲೊಚಗುಟ್ಟಿದ. ಪಾರುಪತ್ಯಗಾರರು ಒಂದು ಚೂರನ್ನೆತ್ತಿ ಓದಿದರು: “ಎಲೀಷಪ್ಪ.” ಇನ್ನೊಂದನ್ನೆತ್ತಿದರು: “ಎಲೀಷಪ್ಪ.” ಮತ್ತೊಂದರಲ್ಲೂ ಅದೇ. ಅಕ್ಷರ ದೊಡ್ಡದಿದ್ದುದರಿಂದ ಹಿಂದೆ ನಿಂತವರಿಗೂ ಕಂಡಿತು.

“ಇದೇನೇ?” ಎಂದ ಎಲೀಷಪ್ಪ, ಹೆಂಡತಿಯ ಕಡೆ ತಿರುಗಿ.

“ಅಕ್ಕ ಎರಡು ಆವಿಗೆ ದೇವರ ಮನೆ ಹೆಂಚಿಗೆ ಕೊಟ್ಟಳು. ಅವಳ ನೂರು ಗಡಿಗೆ ಆ ಚಿಕ್ಕ ಆವಿಗೇಲಿ ಹಿಡಿಸುತ್ತಾ? ನಮ್ಮವು ನಲವತ್ತೇ ತಾನೇ? ಅದಲುಬದಲು ಮಾಡಿದೆ. ನಿಮ್ಮನ್ನ ಕೇಳಿದ್ರೆ ಬಿಡ್ತಿದ್ರಾ?”

“ಮತ್ತೆ ನಮ್ಮವು ಹೇಗೆ ಒಡೆದವು?” ಎಂದು ಕೇಳಲು ಎಲೀಷಪ್ಪ ಬಾಯಿ ತೆರೆದ. ಕೇಳದಿರುವುದೇ ಲೇಸೆಂದು ಮುಚ್ಚಿದ.

“ಹೊಟ್ಟೆನೋವು ಹೇಗಿದೆಯಪ್ಪಾ?” ಎಂದರು ಅಯ್ಯನವರು. “ಭಾನುವಾರ ಆಶೀರ್ವಾದಕ್ಕೆ ನೀನು ಚಾಚಿದ ಕೈಯಲ್ಲಿ ಬೂದಿ ಮೆತ್ತಿತ್ತು, ನೋಡಿದೆ.”

ದೊಡ್ಡ ಆವಿಗೆ ಬಿಚ್ಚಿದರು. ಇಣುಕುವವನಿಗೆ ಬೇರೆ ಕೆಲಸವಿದ್ದುದರಿಂದ ಅದು ಎಂದಿಲ್ಲದಂತೆ ಎರಡು ದಿನ ನೆಮ್ಮದಿಯಾಗಿ ಆರಿತ್ತು. ಒಂದೂ ಸೀಳಿರಲಿಲ್ಲ. ಸುವಾರ್ತಮ್ಮ ಬೆರಳಿನಿಂದ ತಟ್ಟಿ, ಒಂದನ್ನು ಎತ್ತಿಕೊಂಡು ದೇವಾಲಯದ ಕಡೆ ಹೊರಟಳು.

“ಏ, ಅರಸರಿಗೆ ನೂರು ಭರ್ತಿ ಬೇಕು!” ಎಂದರು ಪಾರುಪತ್ಯಗಾರರು.

“ಎಣಿಸಿಕೊಳ್ಳಿ ಸ್ವಾಮೀ. ನಾನು ಮಾಡಿದ್ದೇ ನೂರಾ ಒಂದು. ಮೊದಲನೇದು ಯಾವತ್ತೂ ನನ್ನ ಲೆಕ್ಕದಲ್ಲಿರಲ್ಲ.”

ಅವಳು ಅರಮನೆಯ ಕುಂಬಾರಳಾದಳು. ಎಲೀಷಪ್ಪನನ್ನು ಸೆರೆಗೆ ಹಾಕಬೇಕೆಂದು ಪಾರುಪತ್ಯಗಾರರು ಅಂದರೆ ಅಯ್ಯನವರು ಬೇಡವೆಂದರು. “ಹಬ್ಬಕ್ಕೆ ಬಂದವರಿಗೆ ನೀರು ತಂದುಕೊಡಲಿ. ಗಡಿಗೆ ಮಾತ್ರ ಅವನೇ ದೇವರಿಗೆ ಕೊಟ್ಟದ್ದಿರಲಿ.”

ಎಲೀಷಪ್ಪ ಬಾವಿಯಿಂದ ಜಗಲಿಗೆ ಮೂರು ಸಲ ನಡೆದ. ಮೊದಲ ಸಲ ಅರ್ಧ ಗಡಿಗೆ ನೀರು ತಲುಪಿತು. ಎರಡನೇ ಸಲ ಒಂದು ಲೋಟ. ಮೂರನೇ ಸಲ ಅವನ ಪಂಚೆ ಮಾತ್ರ ಒದ್ದೆಯಾಗಿತ್ತು. ಜಗಲಿಯಲ್ಲಿ ಬಾಯಾರಿದ ಮುದುಕಿಯೊಬ್ಬಳು ಲೋಟ ಹಿಡಿದು ಕೂತಿದ್ದಳು. ಖಾಲಿ ಗಡಿಗೆಯನ್ನು ನೋಡಿದಳು, ಅವನನ್ನು ನೋಡಿದಳು, ಲೋಟವನ್ನು ಬೋರಲು ಹಾಕಿದಳು. ದೇವರಿಗೆ ಬಾಯಾರಿಕೆ ಆಗುತ್ತದೆಂದು ಎಲೀಷಪ್ಪನಿಗೆ ಆಗ ಗೊತ್ತಾಯಿತು.

ಮನೆಗೆ ಹೋಗಿ ಅವನು ಒಂದೇ ಒಂದು ಗಡಿಗೆ ಮಾಡಿದ. ಮುದ್ರೆ ಒತ್ತಲಿಲ್ಲ. ಒಂದೇ ಮಾತಿನ ಪ್ರಾರ್ಥನೆ ಮಾಡಿ, ತನ್ನ ಮೇಲೆ ಅಷ್ಟಾಗಿ ನಂಬಿಕೆಯಿಲ್ಲದೆ, ಆವಿಗೆ ಆರುವವರೆಗೆ ದೇವಾಲಯದಲ್ಲೇ ಹೋಗಿ ಕೂತ. ಮೂರನೆಯ ದಿನ ಬಿಚ್ಚಿ ತಟ್ಟಿದ. ಗಂಟೆಯಂತೆ ನುಡಿಯಿತು.

ಆದ್ದರಿಂದ ಮಕ್ಕಳೇ, ದೇವರ ಮನೆಗೆ ಮೊದಲನೆಯದನ್ನು ಕೊಡಿ, ಮಿಕ್ಕಿದ್ದನ್ನಲ್ಲ. ಪ್ರಾರ್ಥನೆ ಮಾಡಿದ ಮೇಲೆ ಮುಚ್ಚಳ ತೆಗೆದು ನೋಡಬೇಡಿ. ಪಕ್ಕದವರ ಮುಚ್ಚಳವನ್ನಂತೂ ತೆಗೆಯಲೇಬೇಡಿ. ಒಳಗಿರುವುದು ನಿಮ್ಮದೇ ಗಡಿಗೆ ಇರಬಹುದು.