ಅವ್ವನ ಮುಂದೆ ಉಸಿರು ಬಿಡದ ಓಬ

ನಗು ಬಂದರೆ ನಗಿ, ನಾನು ಬೇಡ ಅನ್ನೋದಿಲ್ಲ. ಆದರೆ ಇದನ್ನೆಲ್ಲಾ ಮಾರಕ್ಕನ ಪಕ್ಕದಲ್ಲಿ ನಿಂತು ನೋಡಿದ್ದರೆ ನಿಮಗೂ ನಗು ಬರುತ್ತಿರಲಿಲ್ಲ!

ಮಾರಕ್ಕ ಅಂದರೆ ಗುಡ್ಡ ಹತ್ತುವ ಕಣಿವೆ ದಾರಿಯ ಬುಡದಲ್ಲಿ, ಹೆದ್ದಾರಿಗೆ ಅಂಟಿಕೊಂಡೇ ಮುದ್ದೆ ಹೋಟ್ಲು ನಡೆಸುತ್ತಿದ್ದವಳು. ಗಂಡ ಲಾರಿ ಡ್ರೈವರ್. ಒಂದು ದಿನ ಆ ಕಣಿವೆ ಹತ್ತಿ ಹೋದವನು ಇಳಿದು ಬರಲೇ ಇಲ್ಲ. ಅವಳಿಗೆ ಉಳಿದವನು ಒಬ್ಬನೇ ಮಗ, ಓಬಳೇಶ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. 'ಬಾಗಿಲು ನೋಡ್ಕೋ' ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವನು. ನಾಯಿ ಒಳಗೆ ಬಂದು ಮುದ್ದೆ ತಿಂದರೂ ಅವನ ಕಣ್ಣು ಬಾಗಿಲ ಮೇಲೆ!

"ಅಯ್ಯೋ, ನನ್ನ ಕಾಲ ಮುಗಿದ ಮೇಲೆ ಇವನ ಗತಿ ಏನಪ್ಪಾ!" ಅಂತ ಮಾರಕ್ಕ ಅಳುತ್ತಿದ್ದಳು. ಅವಳ ತಮ್ಮ ಪಾಲಯ್ಯನೂ ಲಾರಿ ಓಡಿಸುತ್ತಿದ್ದ. "ಅಳಬೇಡ ಕಣಕ್ಕಾ. ನನ್ನ ಜೊತೆಗೆ ಕ್ಲೀನರ್ ಮಾಡಿ ಕಳಿಸು, ನಾನು ನೋಡ್ಕೊತೀನಿ" ಅಂದ. ಲಾರಿ ಅನ್ನುವ ಮಾತು ಕೇಳಿದ್ದೇ ಮಾರಕ್ಕನ ಎದೆ ಧಸಕ್ ಅಂತು. ಆದರೆ ಮಗ ದುಡಿದು ಬದುಕಬೇಕಲ್ಲ? ಒಪ್ಪಿಕೊಂಡಳು.

"ಮಾವ ಹೇಳಿದ್ದನ್ನ ಹಂಗೇ ಮಾಡ್ಲಾ ಮಗ. ನಿನ್ನ ಬುದ್ಧಿ ಓಡಿಸಬೇಡ."

"ಆಗಲಿ ಕಣವ್ವಾ."

ಹೋಟ್ಲಿನ ಮುಂದೆ ನಿಂತಿದ್ದ ಲಾರಿ ಮೊದಲಿಗೆ ಹೊರಡಲೇ ಇಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ಕೆಮ್ಮುತ್ತದೆ, ಹತ್ತೋದಿಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಹಾಗೇ ಆಗೋದು. ಪಾಲಯ್ಯ ಬಾನೆಟ್ ಎತ್ತಿ ಕೈಪಂಪು ಒತ್ತುತ್ತಾ ಕೂಗಿದ. "ಓಬಾ, ಗಾಳಿ ಹಿಡಿದೈತೆ ಕಣ್ಲಾ! ಸ್ಪ್ಯಾನರ್ ತಗಂಡು ಗಾಳಿ ತೆಗಿ!"

ಮಾವ ಹೇಳಿದ ಹಾಗೇ ಆಗಬೇಕಲ್ಲ? ಓಬ ಸುತ್ತಮುತ್ತ ನೋಡಿದ. ಗಾಳಿ ಇರೋದು ಎಲ್ಲಿ? ಟೈರಿನಲ್ಲಿ! ಬಗ್ಗಿ ಬಗ್ಗಿ ತೆಗೆದ. ಒಂದು ಟೈರು ಸುಸ್ಸ್! ಇನ್ನೊಂದು ಟೈರು ಸುಸ್ಸ್! ಲೋಡು ತುಂಬಿದ ಲಾರಿ ಒಂದು ಕಡೆಗೆ ವಾಲಿತು.

"ಓಡ್ಲಾ ಈಚೆಗೆ! ಮೇಲೆ ಬಿದ್ದಾತು!" ಅಂತ ಮಾರಕ್ಕ ಚೀರುತ್ತಾ ಓಡಿಬಂದು, ಮಗನ ಕಾಲು ಹಿಡಿದು ದರದರ ಎಳೆದಳು. "ಟೈರಿನ ತಂಟೆ ನಿನಗ್ಯಾಕ್ಲಾ? ಇನ್ನೊಂದು ಸಲ ಟೈರು ಮುಟ್ಟಿದರೆ ನೋಡು!"

"ಆಗಲಿ ಕಣವ್ವಾ, ಮುಟ್ಟಲ್ಲ."

ಟೈರಿಗೆಲ್ಲ ಗಾಳಿ ಹೊಡೆಸಿ, ಪೈಪಿನ ಗಾಳಿ ತೆಗೆದು, ಮಾವ-ಅಳಿಯ ಹೊರಟರು. ಅರ್ಧ ಕಣಿವೆ ಹತ್ತುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸೊರಗಿತು. ಲಾರಿ ನಿಂತಿತು. ನಿಂತದ್ದು ಹಿಂದಕ್ಕೆ ಜಾರಿತು! ಪಾಲಯ್ಯ ಬ್ರೇಕ್ ಮೇಲೆ ನಿಂತು ಕೂಗಿದ. "ಕಲ್ಲು ಕೊಡ್ಲಾ! ಬೇಗ ಕಲ್ಲು ಕೊಡ್ಲಾ!"

ಓಬ ಜಿಗಿದ, ದೊಡ್ಡ ಕಲ್ಲು ಎತ್ತಿಕೊಂಡ. ಜಾರದ ಹಾಗೆ ಟೈರಿಗೆ ಅಡ್ಡ ಇಡೋಣ ಅಂದರೆ ಅವ್ವ ಮುಟ್ಟಬೇಡ ಅಂದಿದ್ದಾಳೆ. ಕೊಡು ಅಂದವನು ಮಾವ. ಸರಿ, ಜಾರುವ ಲಾರಿಯ ಪಕ್ಕದಲ್ಲೇ ಓಡುತ್ತಾ ಕಿಟಕಿಗೆ ಕೈಚಾಚಿದ. "ತಗ ಮಾವಾ, ಕಲ್ಲು!"

ಒಂದು ಪಕ್ಕ ಪ್ರಪಾತ. ಪಾಲಯ್ಯ ಕುಲದೇವರನ್ನ ನೆನೆಯುತ್ತಾ ಸ್ಟೇರಿಂಗ್ ತಿರುಗಿಸಿದ. ಲಾರಿಯ ಹಿಂಭಾಗ ಗುಡ್ಡದ ಮಣ್ಣಿಗೆ ಗುದ್ದಿ ನಿಂತಿತು. ಪಾಲಯ್ಯ ಇಳಿದು ಬಂದು ಅಳಿಯನ ಮೇಲೆ ರೇಗಿದ.

"ನನ್ನ ಕೈಗೆ ಯಾಕ್ಲಾ ಕೊಟ್ಟೆ? ಗಾಡಿಗೆ ಕೊಡಬೇಕು! ಏನು ಕೊಡೋದಿದ್ದರೂ ಮೊದಲು ಗಾಡಿಗೆ ಕೊಡು, ಆಮೇಲೆ ನನಗೆ!"

"ಆಗಲಿ ಮಾವಾ."

ರೇಡಿಯೇಟರ್ ಕೊತಕೊತ ಕುದಿಯುತ್ತಿತ್ತು. ತಣ್ಣಗಾಗುವ ತನಕ ಕಾಯಬೇಕು, ಬೇರೆ ದಾರಿ ಇಲ್ಲ. ಪಾಲಯ್ಯ ಕಲ್ಲಿನ ಮೇಲೆ ಕುಕ್ಕರಿಸಿದ. "ಭಯಕ್ಕೆ ಗಂಟಲು ಒಣಗೈತೆ. ನಿಮ್ಮವ್ವ ಕಟ್ಟಿಕೊಟ್ಟ ಮಜ್ಜಿಗೆ ಕೊಡ್ಲಾ."

ಮೊದಲು ಗಾಡಿಗೆ! ಓಬ ಮಜ್ಜಿಗೆ ಕ್ಯಾನು ಹಿಡಿದು, ಟವೆಲ್ಲು ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿದ. ಭುಸ್ಸ್! ಕುದಿನೀರು ಆಳೆತ್ತರ ಚಿಮ್ಮಿತು. ಪಾಲಯ್ಯ ಹಾರಿ ಅವನನ್ನ ಪಕ್ಕಕ್ಕೆ ಕೆಡವಿದ. ಕೂದಲೆಳೆಯಲ್ಲಿ ಓಬನ ಮುಖ ಉಳಿಯಿತು, ಮೊಣಕೈ ಬೊಬ್ಬೆ ಎದ್ದಿತು.

ಪಾಲಯ್ಯ ಅವನನ್ನ ಎತ್ತಿ ಕೂರಿಸಿದ. ಅಕ್ಕನಿಗೆ ಏನು ಮುಖ ತೋರಿಸಲಿ? ಅಳಿಯನ ಗಲ್ಲ ಹಿಡಿದು ಬೇಡಿಕೊಂಡ. "ನೋಡ್ಲಾ, ಇವತ್ತು ಆಗಿದ್ದನ್ನ ನಿಮ್ಮವ್ವನ ಮುಂದೆ ಉಸಿರು ಬಿಡಬೇಡ. ಉಸಿರು ಬಿಟ್ಟೆಯೋ, ಅವಳು ಎದೆ ಒಡ್ಕಂಡು ಸಾಯ್ತಾಳೆ!"

"ಆಗಲಿ ಮಾವಾ."

ಇಂಜಿನ್ ಆರಿದ ಮೇಲೆ, ಅದರ ಮೇಲೆಲ್ಲಾ ಚೆಲ್ಲಿದ್ದ ಮಜ್ಜಿಗೆ ತೊಳೆದು, ನೀರು ತುಂಬಿ, ಲಾರಿ ಹಿಂದಕ್ಕೆ ತಿರುಗಿಸಿ ಮೆಲ್ಲಗೆ ಇಳಿದು ಬಂದರು. ಮಾರಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಬಂದ್ಯಾ ಮಗನೇ! ಚೆನ್ನಾಗಿದ್ದೀಯಾ?"

ಓಬ ಅವ್ವನನ್ನ ಕಂಡ. ಮೂಗು ಹಿಡಿದ, ಬಾಯಿ ಬಿಗಿದ. ಉಸಿರು ಬಿಟ್ಟರೆ ಅವ್ವ ಸಾಯ್ತಾಳಲ್ಲ?

"ಯಾಕ್ಲಾ? ಮಾತಾಡ್ಲಾ!"

ಮುಖ ಕೆಂಪಾಯಿತು. ಕಪ್ಪಿಟ್ಟಿತು. ಕಣ್ಣು ಹೊರಗೆ ಬಂದವು.

"ಅಯ್ಯೋ, ನನ್ನ ಮಗನಿಗೆ ಏನು ಮಾಡಿದ್ಯೋ ಪಾಲಯ್ಯಾ! ಉಸಿರು ಬಿಡ್ಲಾ, ನಿನ್ನ ಕಾಲಿಗೆ ಬೀಳ್ತೀನಿ!"

ಓಬ ತಲೆ ಅಲ್ಲಾಡಿಸಿದ. ಕಣ್ಣಲ್ಲಿ ಬಳಬಳ ನೀರು. ಕಾಲು ಕುಸಿದು ಬಿದ್ದ, ಮೂಗು ಮಾತ್ರ ಬಿಡಲಿಲ್ಲ. ಪಾಲಯ್ಯ ಎದೆ ಬಡಿದುಕೊಂಡು, ಕಲ್ಲು, ಪ್ರಪಾತ, ಕುದಿನೀರು, ಎಲ್ಲವನ್ನೂ ಅಕ್ಕನ ಮುಂದೆ ಕಕ್ಕಿದ. "ಎಲ್ಲಾ ನಾನೇ ಹೇಳಿಬಿಟ್ಟೆ! ಇನ್ನು ಉಸಿರು ಬಿಡ್ಲಾ!"

ಹಾ ಅಂತ ಓಬನಿಗೆ ಉಸಿರು ಬಂತು. ಅವ್ವನ ಕೆನ್ನೆ ಮುಟ್ಟಿ ನೋಡಿದ. "ಅವ್ವಾ, ನೀನು ಸಾಯಲಿಲ್ವಾ?"

ಮಾರಕ್ಕ ಅವನನ್ನ ಬಾಚಿ ತಬ್ಬಿಕೊಂಡು ಗೊಳೋ ಅಂದಳು. "ಲಾರೀನೂ ಬೇಡ, ದುಡಿಮೇನೂ ಬೇಡ! ಇನ್ನು ಮೇಲೆ ನೀನು ನನ್ನ ಕಣ್ಣ ಮುಂದೇನೇ ಇರಬೇಕು. ಅತ್ತಿತ್ತ ಒಂದು ಹೆಜ್ಜೆ ಸರಿಯಕೂಡದು!"

"ಆಗಲಿ ಕಣವ್ವಾ."

ಎದ್ದು ಬಂದು ಅವಳ ಕಣ್ಣ ಮುಂದೆ ನಿಂತ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ! ಮಾರಕ್ಕ ಒಂದು ಹೆಜ್ಜೆ ಮುಂದೆ ಇಟ್ಟಳು, ಓಬ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಅವನ ಬೆನ್ನ ಹಿಂದೆ ಹೆದ್ದಾರಿ, ಗಕ್ಕನೆ ನಿಂತಳು. ಹೋಟ್ಲಿನ ಕಡೆ ತಿರುಗಿದಳು, ಓಬ ಸುತ್ತಿ ಬಂದು ಮತ್ತೆ ಮುಂದೆ ನಿಂತ. ಈಗ ಅವನ ಬೆನ್ನ ಹಿಂದೆ ಒಲೆ, ಒಲೆಯ ಮೇಲೆ ಕುದಿಯುವ ಮುದ್ದೆ ಎಸರು!

"ಓಬಾ, ನೀನು..." ಅಂತ ಪಾಲಯ್ಯ ಬಾಯಿ ತೆರೆದ. ಮಾರಕ್ಕ ಅವನ ಬಾಯಿ ಗಟ್ಟಿಯಾಗಿ ಮುಚ್ಚಿದಳು. ಏನು ಹೇಳಿದರೆ ಮಗ ಏನು ಮಾಡಿಕೊಳ್ಳುತ್ತಾನೋ ಅನ್ನುವ ಭಯ.

ಅವತ್ತಿನಿಂದ ಮಾರಕ್ಕ ಅಲ್ಲೇ ನಿಂತಿದ್ದಾಳಂತೆ, ಕದಲದೆ, ಮಾತಾಡದೆ. ಆ ಕಡೆ ಹೋದರೆ ಗಾಡಿ ಮೆಲ್ಲಗೆ ಬಿಡಿ. ದಮ್ಮಯ್ಯ, ಹಾರ್ನ್ ಮಾತ್ರ ಹೊಡೀಬೇಡಿ, ಬೆಚ್ಚಿ ಅವಳು ಒಂದು ಹೆಜ್ಜೆ ಮುಂದಿಟ್ಟಾಳು.